ಎರಡೂ ಕಡೆ ಬರಾಬರ್

“ಟೀಸಿ ಕೊಟ್ಟುಬಿಡ್ರಿ ಸರ್, ಈಕಿನ್ನ ಸಾಲಿ ಬಿಡಸ್ತೀನಿ,” ರೇವಪ್ಪ ಕಂಪ್ಯೂಟರ್ ಕೋಣೆಯ ಬಾಗಿಲಲ್ಲೇ ನಿಂತು ಹೇಳಿದ. ಅವನ ಹಿಂದೆ ಮಗಳು ಪ್ರೇಮಲಾ, ಅತ್ತು ಅತ್ತು ಮೂಗು ಕೆಂಪಾಗಿತ್ತು.

ಅಮರ್ ಮೇಷ್ಟ್ರು ಕಂಪ್ಯೂಟರು ಬಿಟ್ಟು ಎದ್ದು ನಿಂತರು. ಎಡವಟ್ಟು ಅವರದ್ದೇ. ತೆಲಂಗಾಣ ಹೋರಾಟದ ಮುಷ್ಕರದಲ್ಲಿ ಜಹೀರಾಬಾದಿನ ಶಾಲೆ ತಿಂಗಳುಗಟ್ಟಲೆ ಮುಚ್ಚಿತ್ತು. ಉಳಿದ ಪಾಠ ಬೇಗ ಮುಗಿಸಲು ಹತ್ತನೆಯ ತರಗತಿಯನ್ನು ಮುಂಜಾನೆ, ಮಧ್ಯಾಹ್ನ ಎಂದು ಎರಡು ಚಿಕ್ಕ ಗುಂಪು ಮಾಡಬೇಕಾಯಿತು. ‘ಜಾಣರೆಲ್ಲ ನಿನ್ನ ಕಡೆ, ದಡ್ಡರೆಲ್ಲ ನನ್ನ ಕಡೆ’ ಎಂದು ಮೇಷ್ಟ್ರುಗಳು ಕಚ್ಚಾಡಬಾರದಲ್ಲ, ಎರಡೂ ಗುಂಪಿನ ಸರಾಸರಿ ಅಂಕ ಸಮ ಇರಲೇಬೇಕೆಂದು ಹೆಡ್‌ಮಾಸ್ಟರರ ಕಟ್ಟಪ್ಪಣೆ. ಅಮರ್ ಮೂರು ದಿನ ತಿಣುಕಿ ಪ್ರೋಗ್ರಾಂ ಬರೆದರು. ಕಂಪ್ಯೂಟರು ಪ್ರೇಮಲಾಳನ್ನು ಮಧ್ಯಾಹ್ನಕ್ಕೆ, ಗೆಳತಿ ಶಿಲ್ಪಾರಾಣಿಯನ್ನು ಮುಂಜಾನೆಗೆ ಹಾಕಿತು. ಇಬ್ಬರೂ ಪಸ್ತಾಪುರ ಹಳ್ಳಿಯಿಂದ ಒಂದೇ ಸೈಕಲ್ಲಿನಲ್ಲಿ ಬರುವವರೆಂದು ಅದಕ್ಕೇನು ಗೊತ್ತು!

“ಸೈಕಲ್ ಶಿಲ್ಪಾಂದು. ಬಸ್ಸು ಇವತ್ತದ, ನಾಳಿಲ್ಲ. ಕಬ್ಬಿನ ಹೊಲದ ದಾರ್ಯಾಗ ಒಬ್ಬಾಕಿನ್ನ ಹೆಂಗ ಕಳ್ಸಲ್ರಿ?”

“ಈಕಿನ್ನ ಮುಂಜಾನಿಗೆ ಹಾಕಿದ್ರ ಸರಾಸರಿ ಕೆಡ್ತದ ರೇವಪ್ಪಣ್ಣ. ಹೆಡ್‌ಮಾಸ್ಟರು ಒಪ್ಪಂಗಿಲ್ಲ.”

“ಒಂದ್ಸಲ ಹಾಕಿ ನೋಡ್ರಿ ಸರ್, ಕೈ ಮುಗಿತೀನಿ,” ಎಂದಳು ಪ್ರೇಮಲಾ.

ಅವಳ ಸಮಾಧಾನಕ್ಕೆಂದು ಅಮರ್ ಅವಳ ಹೆಸರನ್ನು ಮುಂಜಾನೆಯ ಪಟ್ಟಿಗೆ ಸರಿಸಿ ಗುಂಡಿ ಒತ್ತಿದರು. ಮುಂಜಾನೆಯ ಸರಾಸರಿ ನಲವತ್ತೆಂಟು. ಮಧ್ಯಾಹ್ನದ್ದೂ ನಲವತ್ತೆಂಟು. ಕೂದಲೆಳೆಯಷ್ಟೂ ಕದಲಿರಲಿಲ್ಲ! ಕಣ್ಣುಜ್ಜಿಕೊಂಡು ಮತ್ತೊಮ್ಮೆ ಒತ್ತಿದರು. ಅದೇ. ಆಗ ಅವಳ ಹೆಸರಿನ ಮುಂದಿದ್ದ ಅಂಕ ಕಣ್ಣಿಗೆ ಬಿತ್ತು.

“ಅಯ್ಯ, ನನ್ನ ಬುದ್ಧಿಗಿಷ್ಟು! ನಿಮ್ಮ ಮಗಳು ತಗೊಂಡಿದ್ದೂ ನಲವತ್ತೆಂಟೇ. ಸರಾಸರಿ ಎಷ್ಟೋ ಅಷ್ಟೇ. ಈಕಿ ಯಾವ ಗುಂಪಿನ್ಯಾಗ ಕುಂತ್ರೂ ಎರಡೂ ಕಡೆ ಬರಾಬರ್! ಟೀಸಿ ಗೀಸಿ ಏನೂ ಬ್ಯಾಡ, ನಾಳಿ ಮುಂಜಾನಿ ಶಿಲ್ಪಾನ ಜೋಡಿ ಕಳ್ಸ್ರಿ.”

ರೇವಪ್ಪ ಉಸ್ಸೆಂದು ಬೆಂಚಿನ ಮೇಲೆ ಕುಸಿದು ಕೂತ. “ನಲವತ್ತೆಂಟು ಒಂದ್ ಮಾರ್ಕೇನ ಅಂತ ವಾರ ಪೂರಾ ಬೈದೀನ್ ನೋಡ್ರಿ,” ಎಂದು ನಕ್ಕ. ಅಮರ್ ಮೇಷ್ಟ್ರೂ ನಕ್ಕರು. ಒಂದು ಹುಡುಗಿಯ ಓದು ತಮ್ಮಿಂದ ಹಾಳಾಗಲಿಲ್ಲವೆಂದು ಅವರಿಗೆ ಜೀವ ಹಗುರಾಯಿತು.

ಅಪ್ಪನ ಹಿಂದೆ ನಗುತ್ತಲೇ ಬಾಗಿಲು ದಾಟಿದ ಪ್ರೇಮಲಾ ಏನೋ ಯೋಚಿಸಿ ತಿರುಗಿ ಬಂದಳು.

“ಸರ್, ಮುಂದಿನ ಪರೀಕ್ಷಾದಾಗೂ ಅಷ್ಟೇ ತಗೋಬೇಕೇನ್ರಿ?”