ನಲವತ್ತೇಳರಿಂದ ಐವತ್ತು

ಹಾಳೆಗಳನ್ನು ಬ್ಲೇಡಿನಿಂದ ಕೊಯ್ದು ತೆಗೆದಿದ್ದರು. ಹರಿದಿದ್ದರೆ ಅಕಸ್ಮಾತ್ ಎನ್ನಬಹುದಿತ್ತು. ಇದು ಹೊಲಿಗೆಯ ಪಕ್ಕದಲ್ಲೇ ಸ್ಕೇಲು ಇಟ್ಟು ಮಾಡಿದ ಕೆಲಸ. ನಲವತ್ತಾರನೆಯ ಪುಟದ ಎದುರಿಗೆ ಐವತ್ತೊಂದನೆಯದು ಕೂತಿತ್ತು. ನಡುವೆ ಇರಬೇಕಾಗಿದ್ದ ಶೈಲಶ್ರೀಯ ಕಥೆ ಮಾಯ.

ಚಿಂಚವಾಡದ ಸಭಾಗೃಹದ ಬಾಗಿಲಲ್ಲಿ ಕನ್ನಡ ಸಂಘದ ಸ್ಮರಣಿಕೆಯ ಪ್ರತಿಗಳು ಕಟ್ಟುಕಟ್ಟಾಗಿ ಬಂದಿದ್ದವು. ಅವಳು ಇನ್ನೊಂದು ಪ್ರತಿ ತೆಗೆದಳು. ಮತ್ತೊಂದು. ಎಲ್ಲದರಲ್ಲೂ ಅದೇ ಗಾಯ. ಪರಿವಿಡಿಯಲ್ಲಿ ಅವಳ ಹೆಸರಿದ್ದ ಜಾಗಕ್ಕೆ ಅಗಲವಾದ ಬಿಳಿ ಪಟ್ಟಿ ಅಂಟಿಸಿದ್ದರು. ಹಿಂದಿನ ವಾರವಷ್ಟೇ ತನ್ನ ಮೂರು ಪುಟಗಳ ಕರಡಚ್ಚನ್ನು ಅವಳೇ ತಿದ್ದಿ ಕೊಟ್ಟಿದ್ದಳು. ಬಿಡುಗಡೆಗೆ ಇನ್ನು ಅರ್ಧ ಗಂಟೆಯಿತ್ತು.

ಯಾರ ಕೆಲಸ ಎಂದು ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ. ಸ್ಮರಣಿಕೆಯ ಸಂಪಾದಕ ಚನ್ನವೀರ, ಪಿಂಪ್ರಿಯಲ್ಲಿ ಸೀರೆ ಅಂಗಡಿ ಇಟ್ಟವರು, ಹೊಗಳಿಕೆಯ ವಿಷಯದಲ್ಲಿ ಮಹಾ ಜಿಪುಣ. ಹನ್ನೊಂದು ವರ್ಷದಿಂದ ಕಂಡವರ ಬರಹಕ್ಕೆಲ್ಲ ಕೆಂಪು ಶಾಯಿ ಬಳಿಯುತ್ತ ಬಂದಿದ್ದರು. ಸ್ವಂತದ್ದು ಒಂದು ಸಾಲೂ ಎಲ್ಲೂ ಅಚ್ಚಾಗಿರಲಿಲ್ಲ. ಅಂಥವರ ಕಣ್ಣೆದುರು ಇಪ್ಪತ್ತಮೂರರ ಹುಡುಗಿ ಮೆರೆದರೆ ಹೇಗೆ ಸಹಿಸಿಯಾರು?

ಮೆರೆಯಲು ಕಾರಣವೂ ಇತ್ತು. ಹೊಸಬರಿಗಾಗಿ, ಎಳೆಯರಿಗಾಗಿ ಲಂಡನ್ನಿನ ಸಂಸ್ಥೆಯೊಂದು ನಡೆಸುವ ಅಂತರರಾಷ್ಟ್ರೀಯ ಕಥಾಸ್ಪರ್ಧೆಯಲ್ಲಿ ಅವಳ ಕಥೆ ಕೊನೆಯ ಹತ್ತರಲ್ಲಿ ಉಳಿದಿತ್ತು. ಕನ್ನಡದಲ್ಲಿ ಬರೆದು, ತಾನೇ ಇಂಗ್ಲಿಷಿಗೆ ತಂದು, ಮಗರಪಟ್ಟಾದ ಆಫೀಸಿನಲ್ಲಿ ಊಟದ ಬಿಡುವಿನಲ್ಲಿ ಫಾರ್ಮಿನ ಚೌಕಗಳಿಗೆಲ್ಲ ಟಿಕ್ ಹಾಕಿ ಕಳಿಸಿದ್ದಳು. ಗೆದ್ದರೆ ಆರು ತಿಂಗಳು ಅಲ್ಲೇ ಉಳಿದು ಮೊದಲ ಪುಸ್ತಕ ಬರೆಯಬಹುದು. ಅದಕ್ಕಾಗಿ ಕೆಲಸ ಬಿಡಲೂ ಅವಳು ಸಿದ್ಧಳಿದ್ದಳು. ಮೊನ್ನೆ ಸುದ್ದಿಯನ್ನು ಲಿಂಕಿನ ಸಮೇತ ಸಂಘದ ವಾಟ್ಸಾಪ್ ಗುಂಪಿಗೆ ಹಾಕಿದಾಗ ಎಪ್ಪತ್ತು ಮಂದಿ ಚಪ್ಪಾಳೆ ಕಳಿಸಿದ್ದರು. ಚನ್ನವೀರ ಮಾತ್ರ ಓದಿ ಸುಮ್ಮನಿದ್ದರು.

ಈಗ ಅವರು ವೇದಿಕೆಯ ಪಕ್ಕ ಮೈಕಿನ ವೈರು ಬಿಡಿಸುತ್ತಿದ್ದರು. ಬಲಗೈ ಹೆಬ್ಬೆರಳಿಗೆ ಬ್ಯಾಂಡೇಜು. ಸಾಕ್ಷಿ ಬೇರೆ ಬೇಕೇ?

"ಹೊಟ್ಟಿಕಿಚ್ಚಿಗೂ ಒಂದು ಮಿತಿ ಇರ್ತದ್ರಿ ಕಾಕಾ," ಎಂದಳು, ಸಭೆಗೆಲ್ಲ ಕೇಳುವಂತೆ.

ಮುಂದಿನ ಸಾಲಿನ ತಲೆಗಳು ತಿರುಗಿದವು. ಸಂಘದ ಅಧ್ಯಕ್ಷೆ ನೀತಾ ಕುರ್ಚಿಯಿಂದ ಎದ್ದರು. ಚನ್ನವೀರ ಸುತ್ತ ಸೇರುತ್ತಿದ್ದ ಜನರನ್ನೊಮ್ಮೆ ನೋಡಿ ದನಿ ತಗ್ಗಿಸಿದರು.

"ಈ ಪುಸ್ತಕದಾಗ ನಿನ್ನ ಕಥಿ ಇರಬಾರದಿತ್ತು. ತಗದೇನಿ."

"ಯಾಕಂತ ಎಲ್ಲಾರ ಮುಂದ ಹೇಳ್ರಿ."

"ಮೊದಲ ಓದೂದು ಕಲಿ. ಬರಿಯೂದು ಆಮ್ಯಾಲ."

ಅಷ್ಟು ಹೇಳಿ ಮತ್ತೆ ವೈರಿಗೆ ಬಗ್ಗಿದರು. ಶೈಲಶ್ರೀಗೆ ಮೈಯೆಲ್ಲ ಉರಿದುಹೋಯಿತು. ಸೀರೆ ಮಡಚುವ ಕೈಗೆ ಸಾಹಿತ್ಯದ ಉಸಾಬರಿ ಯಾಕೆ ಎಂದಳು. ಬರೆಯಲು ಬಾರದವರೇ ಬ್ಲೇಡು ಹಿಡಿಯುವುದು ಎಂದಳು. ಅವರ ಕಿವಿ ಕೆಂಪಾದವು. ತಲೆ ಎತ್ತದೆ ವೈರಿನ ಗಂಟು ಬಿಡಿಸುತ್ತ ಹೋದರು. ತಪ್ಪಿತಸ್ಥರು ಹೀಗೇ ಇರುತ್ತಾರೆ ಎಂದುಕೊಂಡಳು.

ಹೊರಟವಳ ಕೈಯನ್ನು ಮುಂದಿನ ಸಾಲಿನ ಒಂದು ಮುದುಕಿ ಹಿಡಿದುಕೊಂಡಳು. ಚನ್ನವೀರರ ತಾಯಿ ಶಿವಗಂಗವ್ವ. ಎಂಬತ್ತು ದಾಟಿದ ಜೀವ, ಸಂಘದ ಕಡೆ ಎಂದೂ ಸುಳಿದವಳಲ್ಲ. ಇವತ್ತು ಹೊಸ ಇಳಕಲ್ ಸೀರೆಯುಟ್ಟು ಮಡಿಲಲ್ಲಿ ಸ್ಮರಣಿಕೆ ಇಟ್ಟುಕೊಂಡು ಕೂತಿದ್ದಳು. ಕಿವಿ ಮಂದ. ನಡೆದ ಜಗಳ ಅವಳಿಗೆ ಕೇಳಿದಂತಿರಲಿಲ್ಲ.

"ಯಾವ ಪುಟದಾಗ ಅದ, ತಗದು ಕೊಡವ್ವಾ. ನನಗ ಕಣ್ಣು ಕಾಣಂಗಿಲ್ಲ."

ಮಗ ಕೊಯ್ದ ಮೇಲೆ ತಾಯಿಯ ಅಣಕ ಬೇರೆ. ಕೇಳದವಳಂತೆ ನಟನೆ ಬೇರೆ. ನಿಮ್ಮ ಮಗನನ್ನೇ ಕೇಳಿರಿ ಎಂದು ಕಿವಿಯ ಹತ್ತಿರ ಕೂಗಿ, ಶೈಲಶ್ರೀ ಕೈ ಕೊಸರಿಕೊಂಡು ಹೊರಬಿದ್ದಳು.

ಹಡಪಸರದ ಬಸ್ಸಿನಲ್ಲಿ ಕೂತು ಸಂಘದ ಗುಂಪಿನಿಂದಲೂ ಹೊರಬಿದ್ದಳು. ಬೀಳುವ ಮುಂಚೆ ಚನ್ನವೀರರ ಬಗ್ಗೆ ನಾಲ್ಕು ಸಾಲು ಬರೆದಳು. ಅವನ್ನು ಮನೆ ಮಂದಿಯೆದುರು ಓದುವಂತಿರಲಿಲ್ಲ.

ಫೋನು ಕೆಳಗಿಡುವಷ್ಟರಲ್ಲಿ ಸ್ಪರ್ಧೆಯವರ ಮೇಲ್ ಬಂತು. ಕೊನೆಯ ಹತ್ತು ಮಂದಿ ಇವತ್ತೇ ಒಂದು ಹೇಳಿಕೆಗೆ ಸಹಿ ಮಾಡಿ ಕಳಿಸಬೇಕಂತೆ. ನಿಯಮ ಹನ್ನೊಂದನ್ನು ದಪ್ಪಕ್ಷರದಲ್ಲಿ ಮತ್ತೆ ಕೊಟ್ಟಿದ್ದರು: ಈ ಕಥೆ ಮೂಲ ಭಾಷೆಯಲ್ಲೂ ಎಲ್ಲಿಯೂ, ಸಂಘಸಂಸ್ಥೆಗಳ ಸ್ಮರಣಿಕೆಗಳಲ್ಲಿ ಕೂಡ, ಪ್ರಕಟವಾಗಿ ಓದುಗರ ಕೈ ಸೇರಿರಬಾರದು. ಸೇರಿದ್ದರೆ ಸ್ಪರ್ಧೆಯಿಂದ ಹೊರಗೆ.

ಟಿಕ್ ಹಾಕಿದ್ದ ಚೌಕಗಳಲ್ಲಿ ಅದೂ ಒಂದು. ಓದಿದ್ದು ಈಗಲೇ. ಹೋಳಿಗೆ ಮಾಡುವ ವಿಧಾನ, ಮಕ್ಕಳ ಹುಟ್ಟುಹಬ್ಬದ ಫೋಟೊ, ಅಂಗಡಿಗಳ ಜಾಹೀರಾತು ಬರುವ ಸ್ಮರಣಿಕೆಯನ್ನು ಪ್ರಕಟಣೆ ಎಂದು ಸಂಘದಲ್ಲಿ ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಕೇಳಿದವರಿಗೆಲ್ಲ ಕೊಡುವುದೇ ಅಲ್ಲಿನ ರೂಢಿ. ಅವಳೂ ಅದೇ ಕಥೆಯನ್ನು ಖುಷಿಯಿಂದ ಕೊಟ್ಟಿದ್ದಳು. ಲಿಂಕು ಒತ್ತಿ ನಿಯಮ ಓದಿದವರು ಚನ್ನವೀರ ಒಬ್ಬರೇ. ಅದನ್ನು ಅಷ್ಟು ಜನರ ಮುಂದೆ ಬಾಯಿಬಿಟ್ಟಿದ್ದರೆ ಯಾರಾದರೊಬ್ಬರು ಲಂಡನ್ನಿಗೆ ಬರೆಯುತ್ತಿದ್ದರು.

ಶೈಲಶ್ರೀ ಚೀಲದಿಂದ ಸ್ಮರಣಿಕೆ ತೆಗೆದಳು. ನಲವತ್ತಾರು, ಐವತ್ತೊಂದು. ನಡುವೆ ನಾಲ್ಕು ಪುಟ ಹೋಗಿದ್ದವು. ಅವಳ ಕಥೆ ಮೂರೇ ಪುಟ. ಪರಿವಿಡಿಯ ಬಿಳಿ ಪಟ್ಟಿಯನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿದಳು. ಅಡಿಯಲ್ಲಿ ಎರಡು ಸಾಲುಗಳಿದ್ದವು. ಮೊದಲನೆಯದು ಅವಳದು.

ಎರಡನೆಯದು: ಪುಟ ೫೦, ‘ನಮ್ಮವ್ವನಿಗೆ’, ಕವಿತೆ, ಚನ್ನವೀರ.