ಚಿಲಕ ಯಾವ ಕಡೆ

"ಚಿಲಕ ಒಳಗಡೆ ಮಾತ್ರ. ಹೊರಗಿಂದ ಯಾರೂ ಬೀಗ ಜಡಿಯೋಕಾಗಲ್ಲ," ಎಂದ ವಾಸ್ತುಶಿಲ್ಪಿ, ಹೊಸ ಮಾನಸಿಕ ಆರೋಗ್ಯ ಕೇಂದ್ರದ ರಟ್ಟಿನ ಮಾದರಿಯಲ್ಲಿ ರೋಗಿಗಳ ಕೋಣೆಯ ಪುಟ್ಟ ಬಾಗಿಲೊಂದನ್ನು ಬೆರಳತುದಿಯಿಂದ ತೆರೆದು.

"ಕಳ್ಳನ ಕೈಗೇ ಕೀಲಿ ಕೊಟ್ಟ ಹಾಗಾಯ್ತು ಬಿಡಿ," ಎಂದರು ನಗರಸಭೆಯ ಹಿರಿಯ ಸದಸ್ಯರೊಬ್ಬರು. ಸಭೆ ನಕ್ಕಿತು. ಈ ಯೋಜನೆಗಾಗಿ ಕಂಡಕಂಡವರ ಕಾಲು ಹಿಡಿದಿದ್ದ ಸದಸ್ಯೆಗೆ ಸಿಟ್ಟೂ ಬರಲಿಲ್ಲ.

"ವಿನ್ಯಾಸಕ್ಕೆ ಹಣ ಕೊಡೋಣ ಅನ್ನೋರು ಕೈ ಎತ್ತಿ," ಎಂದ ಅಧ್ಯಕ್ಷರು ಅವಳತ್ತ ತಿರುಗಿದರು. "ಮೊದಲು ನೀವೇ ಎತ್ತಬೇಕಮ್ಮ."

ಅವಳ ಬಲಮುಷ್ಟಿಯಲ್ಲಿ ಕೀಲಿಯೊಂದು ಬೆವರಿನಲ್ಲಿ ನೆಂದಿತ್ತು. ಬೆಳಿಗ್ಗೆ ಹೊರಡುವಾಗ ತಮ್ಮನ ಕೋಣೆಗೆ ಹೊರಗಿನಿಂದ ಹಾಕಿಬಂದ ಬೀಗದ್ದು. "ಅಕ್ಕಾ, ಇವತ್ತು ಎಷ್ಟೊತ್ತಿಗೆ ಬರ್ತೀಯ?" ಎಂದು ಅವನು ಒಳಗಿನಿಂದಲೇ ಕೇಳಿದ್ದ.

ಅವಳು ಕೀಲಿಯನ್ನು ಎಡಗೈಗೆ ದಾಟಿಸಿ, ಬಲಗೈ ಎತ್ತಿದಳು.