ಹೆಗಲ ಹಿಂದಿನ ಹೊಗೆ

ಸೇದುವವರೆಲ್ಲರ ಹೊಗೆಯಂತೆ ಈರಭದ್ರಪ್ಪನ ಬೀಡಿಯ ಹೊಗೆಯೂ ಗಾಳಿಯಲ್ಲಿ ಕರಗದೆ ಉಳಿಯುತ್ತಿತ್ತು. ಸೇದಿದ್ದೆಲ್ಲ ಒಟ್ಟುಗೂಡಿ ಹೆಗಲ ಹಿಂದೆ ತೇಲುತ್ತ, ಅವನು ಹೋದಲ್ಲೆಲ್ಲ ಬರುತ್ತಿತ್ತು. ಒಂದು ಕಾಲಕ್ಕೆ ಅದು ಎಮ್ಮೆಯಷ್ಟಿತ್ತು. ಬಸ್ಸಿನಲ್ಲಿ ಅವನ ಪಕ್ಕ ಯಾರೂ ಕೂರುತ್ತಿರಲಿಲ್ಲ. ಅಣ್ಣನ ಹೊಗೆ ಅಣ್ಣನ ಎದೆಯೊಳಕ್ಕೇ ಮರಳಿ ಕ್ಯಾನ್ಸರ್ ಆದ ಮೇಲೆ ಈರಭದ್ರಪ್ಪ ಬೀಡಿ ಬಿಟ್ಟ. ಬೆಳಿಗ್ಗೆ ಕೆರೆ ಸುತ್ತಿದ. ಬಾಯಿ ಚಡಪಡಿಸಿದಾಗ ಗಜ್ಜರಿ ಗಡ್ಡೆ ಕಡಿದ. ಈಗ ಹೊಗೆ ಕೋಳಿಮರಿಯಷ್ಟಾಗಿತ್ತು. ಅಷ್ಟು ಸೊರಗಿದ್ದು ಹೊಸ್ತಿಲು ದಾಟಲಾರದು ಎಂದು ಜನ ಹೇಳುತ್ತಿದ್ದರು.

ಆದರೂ ಗದಗಿನಲ್ಲಿ ಬೀಗರ ಮನೆ ಬಾಗಿಲಿಗೆ ಬಂದಾಗ ಅವನಿಗೆ ಧೈರ್ಯವಾಗಲಿಲ್ಲ. ಬಾಣಂತಿ ಸೊಸೆ ಒಳಗಿದ್ದಳು. ಮೊಮ್ಮಗಳನ್ನು ಅವನಿನ್ನೂ ಎತ್ತಿಕೊಂಡಿರಲಿಲ್ಲ. ಹೊಗೆ ಒಳಗೆ ಬಂದರೆ ಕೂಸಿಗೆ ಅಂಟುತ್ತದೆ.

"ಬೀಗ್ರ, ನಿಮ್ಮ ಹೊಗಿ ಅಗದಿ ಸೊರಗೇತಲ್ರಿ! ಉಪವಾಸ ಕೆಡವೀರೇನು?" ಸೊಸೆಯ ತಾಯಿ ನೀಲವ್ವ ನಕ್ಕಳು.

"ಹೂಂರಿ. ಆದ್ರೂ ನಾ ಹೊರಗ ಕೂಡ್ತೀನಿ. ಕಿಡಕ್ಯಾಗಿಂದ ತೋರಸ್ರಿ, ಸಾಕು."

"ಕೂಸು ಒಳಕೋಣ್ಯಾಗ ಐತ್ರಿ ಮಾವಾರ," ಸೊಸೆ ಶೈಲಾ ಕೂಗಿದಳು. "ಮೊದಲ ನೀವೊಬ್ರ ಒಳಗ ಬರ್ರಿ, ನೋಡೂಣು."

ಅವನು ಚಪ್ಪಲಿ ಬಿಟ್ಟು, ಹಿಂದೆ ನೋಡದೆ ಹೊಸ್ತಿಲು ದಾಟಿದ.

ನೀಲವ್ವ ಬಾಗಿಲಾಚೆ ಬಗ್ಗಿ ನೋಡಿದಳು. "ನಿಮ್ಮ ಚಪ್ಪಲಿ ಮ್ಯಾಲೆ ಕುಂತೈತ್ರಿ. ಏಳಾಕ ತ್ರಾಣಿಲ್ಲ ಅದಕ್ಕ."

ಶೈಲಾ ಕೂಸನ್ನು ತಂದು ಅವನ ತೋಳಲ್ಲಿಟ್ಟಳು. ಈರಭದ್ರಪ್ಪ ತುಟಿ ಬಿಗಿದು ಅಲುಗದೆ ನಿಂತ.

"ಉಸರ ಬಿಡ್ರಿ ಮಾವಾರ."

ಅವನು ಮೆಲ್ಲಗೆ ಉಸಿರು ಬಿಟ್ಟ. ಕೂಸು ಅವನ ಮುಖಕ್ಕೆದುರಾಗಿ ಬಾಯ್ತುಂಬ ಆಕಳಿಸಿ, ನಿದ್ದೆಹೋಯಿತು.